ಬೋಧಕ, ಪರೀಕ್ಷಕ, ಅಂಕ: ನಮ್ಮ ವಿಶ್ವವಿದ್ಯಾನಿಲಯಗಳ ಅಂಕದಾನ ಪದ್ಧತಿಯ ಐತಿಹಾಸಿಕ ವಿವೇಚನೆ

ಭಾರತದ ಉನ್ನತ ಶಿಕ್ಷಣದ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ಶಾಸನಗಳ, ಆಯೋಗಗಳ, ವಿಶ್ವವಿದ್ಯಾನಿಲಯಗಳ ಸ್ಥಾಪನೆಯ ವೃತ್ತಾಂತವನ್ನು ಹೇಳಿ ತೃಪ್ತರಾಗುವುದುಂಟು. ಉತ್ತರಪತ್ರಿಕೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಬೀಳುವ ಅಂಕಕ್ಕೂ ಒಂದು ಇತಿಹಾಸವುಂಟೆಂಬುದು ಅಷ್ಟಾಗಿ ಅವರ ಗಮನಕ್ಕೆ ಬಂದಂತಿಲ್ಲ. ವಿದ್ಯಾರ್ಥಿಯ ಪಾಲಿಗಾದರೋ ಶಾಸನಕ್ಕಿಂತ ಆ ಅಂಕವೇ ಹೆಚ್ಚು ನಿಜವಾದುದು. ತೇರ್ಗಡೆಯ ಗೆರೆಗೆ ಒಂದೇ ಅಂಕ ಕಡಮೆಯಾದರೂ ಅವನ ಒಂದು ವರ್ಷ ಹೋಗುತ್ತದೆ. ಬಡವರ ಮನೆಯ ಹುಡುಗಿಯಾದರೆ ಓದೇ ನಿಂತುಹೋಗುತ್ತದೆ. ಈ ಅಂಕವನ್ನು ಕೊಡತಕ್ಕವನು ಯಾರು, ಪಾಠ ಹೇಳಿದವನೋ ಅಥವಾ ಪಾಠ ಹೇಳದವನೋ, ಎಂಬ ಪ್ರಶ್ನೆಗೆ ನಮ್ಮ ದೇಶವು ೧೮೫೭ರಲ್ಲಿ ಒಂದು ಉತ್ತರವನ್ನು ಅಂಗೀಕರಿಸಿತು. ಆ ಉತ್ತರ ಎಲ್ಲಿಂದ ಬಂದಿತು, ಅದರಿಂದ ತರಗತಿಯ ಪಾಠಕ್ಕೆ ಏನಾಯಿತು, ಕೊನೆಗೆ ಅಂಕಕ್ಕಾದರೂ ನ್ಯಾಯ ದೊರಕಿತೆ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಮೊದಲು ಅದಕ್ಕೂ ಹಿಂದಿನ ಸ್ಥಿತಿಯನ್ನು ನೋಡುವುದು ಒಳ್ಳೆಯದು. ೧೮೨೨ರಲ್ಲಿ ಮದರಾಸಿನ ಗವರ್ನರ್ ತಾಮಸ್ ಮನ್ರೊ ಪ್ರಾಂತದ ದೇಶೀಯ ಶಾಲೆಗಳ ವಿಚಾರವಾಗಿ ಎಲ್ಲ ಕಲೆಕ್ಟರುಗಳಿಂದಲೂ ಮಾಹಿತಿಯನ್ನು ಕೇಳಿದನು. ಬಹುಮಂದಿ ಕೋಷ್ಟಕಗಳನ್ನು ತುಂಬಿ ಕಳುಹಿಸಿ ಸುಮ್ಮನಾದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ ೧೮೨೩ರ ಆಗಸ್ಟ್ ೧೭ರಂದು ಒಂದು ಸವಿಸ್ತಾರವಾದ ವರದಿಯನ್ನು ಬರೆದನು. ಜಿಲ್ಲೆಯಲ್ಲಿ ಆಗ ೫೩೩ ಶಾಲೆಗಳಿದ್ದುವು. ಅವುಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು, ಉಳಿದವು ಮರಾಠಿ, ಪಾರಸಿ, ತಮಿಳು, ಇಂಗ್ಲಿಷ್ ಶಾಲೆಗಳೂ ಬ್ರಾಹ್ಮಣರ ಶಾಸ್ತ್ರಪಾಠಶಾಲೆಗಳೂ ಆಗಿದ್ದುವು. ಓದುತ್ತಿದ್ದವರ ಸಂಖ್ಯೆ ೬,೬೪೧. ಮಗುವು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಕೈ ಕುದುರಿದ ಮೇಲೆ ಓಲೆಗರಿಗೆ, ಹಲಗೆಗೆ, ಕಡತಕ್ಕೆ ಏರುತ್ತಿದ್ದ ಕ್ರಮವನ್ನು ಅವನು ಕಣ್ಣಾರೆ ಕಂಡವನಂತೆ ವರ್ಣಿಸಿದ್ದಾನೆ. ಮುಂದುವರಿದ ಮಕ್ಕಳು ಹಿಂದುಳಿದವರಿಗೆ ಹೇಳಿಕೊಡುವ ಪದ್ಧತಿಯನ್ನು ಮೆಚ್ಚಿ, ಅದು ಇಂಗ್ಲೆಂಡಿನಲ್ಲಿ ಅನುಕರಣೆಗೊಂಡಿರುವುದು ಯೋಗ್ಯವೇ ಎಂದಿದ್ದಾನೆ. ಅರ್ಥ ತಿಳಿಯದ ಗ್ರಂಥಭಾಷೆಯ ಪದ್ಯಗಳನ್ನು ಮಕ್ಕಳು ಬಾಯಿಪಾಠ ಮಾಡುವುದನ್ನು ಮಾತ್ರ ಅಷ್ಟೇ ಖಂಡಿತವಾಗಿ ಆಕ್ಷೇಪಿಸಿದ್ದಾನೆ.

ಆ ವರದಿಯ ಒಂದು ವಿವರ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟುದು. ಬೆಳಗ್ಗೆ ಶಾಲೆಗೆ ಎಲ್ಲರಿಗಿಂತ ಮೊದಲು ಬಂದ ಮಗುವಿನ ಅಂಗೈಯ ಮೇಲೆ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯದಾಗಿ ಬಂದ ಮಗುವಿಗೆ ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯ ಮಗುವಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯದಕ್ಕೆ ಎರಡು, ಹೀಗೆ ಬಂದ ಕ್ರಮದಲ್ಲಿ ಏಟು ಏರುತ್ತಿತ್ತು. ಕನ್ನಡನಾಡಿನ ಶಾಲೆಯೊಂದರ ತರತಮ ನಿರ್ಣಯವನ್ನು ಕುರಿತು ದೊರೆಯುವ ಸ್ಪಷ್ಟವಾದ ಹಳೆಯ ವರ್ಣನೆಗಳಲ್ಲಿ ಇದೂ ಒಂದು. ದೂರದ ಮನೆಯಿಂದ ನಡೆದು ಬರುವ ಮಗುವಿಗೆ ಇದರಲ್ಲಿ ನ್ಯಾಯವಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಅಳತೆ ಯಾವುದು, ಅಳೆಯುವವನು ಯಾರು ಎಂಬುದರಲ್ಲಿ ಅಲ್ಲಿ ಗುಟ್ಟಿರಲಿಲ್ಲ. ಹೇಳಿಕೊಡುವವನೂ ಅಳೆಯುವವನೂ ಒಬ್ಬನೇ. ಅಳತೆಯು ಎಲ್ಲರ ಎದುರಿಗೇ ಆಗುತ್ತಿತ್ತು. ಧರಂಪಾಲರು ೧೯೮೩ರಲ್ಲಿ ಮನ್ರೊ ವಿಚಾರಣೆಯ ಕಾಗದಪತ್ರಗಳನ್ನು ಪ್ರಕಟಿಸಿದ ಮೇಲೆ ಈ ವರದಿಯು ದೇಶೀಯ ಶಿಕ್ಷಣದ ವ್ಯಾಪ್ತಿಯನ್ನು ಕುರಿತ ವಾದಗಳಲ್ಲಿ ಪದೇ ಪದೇ ಉಲ್ಲೇಖಿತವಾಗಿದೆ. ಶಾಲೆಗಳೆಷ್ಟು ಎಂಬ ಲೆಕ್ಕದ ಗದ್ದಲದಲ್ಲಿ, ಶಾಲೆಯೊಳಗೆ ಏನು ನಡೆಯುತ್ತಿತ್ತು ಎಂಬ ಭಾಗ ಕೊಂಚ ಮರೆಗೆ ಸರಿಯಿತೆಂದು ನಮಗೆ ತೋರುತ್ತದೆ.

೧೮೫೪ರ ಜುಲೈ ೧೯ರ ಶಿಕ್ಷಣ ಪತ್ರವು, ಎಂದರೆ ಚಾರ್ಲ್ಸ್ ವುಡ್ಡನ ಹೆಸರಿನಿಂದ ಪ್ರಸಿದ್ಧವಾದ ಆಜ್ಞಾಪತ್ರವು, ಈ ಏಕತೆಯನ್ನು ಒಡೆಯಿತು. ಅದು ಸೂಚಿಸಿದ ವಿಶ್ವವಿದ್ಯಾನಿಲಯಗಳಿಗೆ ಮಾದರಿ ಆಕ್ಸ್‌ಫರ್ಡ್ ಅಲ್ಲ, ಕೇಂಬ್ರಿಡ್ಜ್ ಅಲ್ಲ, ೧೮೩೬ರಲ್ಲಿ ಸ್ಥಾಪಿತವಾದ ಲಂಡನ್ ವಿಶ್ವವಿದ್ಯಾನಿಲಯ. ಲಂಡನ್ ವಿಶ್ವವಿದ್ಯಾನಿಲಯವು ಆಗ ಪಾಠ ಹೇಳುತ್ತಿರಲಿಲ್ಲ. ಕಾಲೇಜುಗಳು ಪಾಠ ಹೇಳಿ ಕಳುಹಿಸಿದವರನ್ನು ಪರೀಕ್ಷಿಸಿ ಪದವಿ ಕೊಡುತ್ತಿತ್ತು. ೧೮೫೭ರ ಜನವರಿಯಲ್ಲಿ ಕಲ್ಕತ್ತೆ, ಜುಲೈಯಲ್ಲಿ ಮುಂಬಯಿ, ಸೆಪ್ಟೆಂಬರಿನಲ್ಲಿ ಮದರಾಸು, ಹೀಗೆ ಒಂದೇ ವರ್ಷದಲ್ಲಿ, ಅದೂ ದಂಗೆಯ ವರ್ಷದಲ್ಲಿ, ಈ ಅಚ್ಚಿನ ಮೂರು ವಿಶ್ವವಿದ್ಯಾನಿಲಯಗಳು ಹುಟ್ಟಿದುವು. ಖರ್ಚು ಕಡಮೆ ಎಂಬುದು ಒಂದು ಕಾರಣ. ಸರ್ಕಾರಿ ಕಾಲೇಜು, ಮಿಷನ್ ಕಾಲೇಜು, ಖಾಸಗಿ ಕಾಲೇಜುಗಳೆಲ್ಲಕ್ಕೂ ಒಂದೇ ಅಳತೆಗೋಲು ಬೇಕಾದುದು ಇನ್ನೊಂದು. ಈ ಎರಡನೆಯ ಕಾರಣವನ್ನು ನಾವು ಲಘುವಾಗಿ ಕಾಣಲಾಗದು. ಪರಸ್ಪರ ಶಂಕೆಯಿಂದ ನೋಡುತ್ತಿದ್ದ ಸಂಸ್ಥೆಗಳ ನಡುವೆ ಅಪರಿಚಿತ ಪರೀಕ್ಷಕನೊಬ್ಬನೇ ನಿಷ್ಪಕ್ಷಪಾತಿಯಾಗಿ ಕಾಣಿಸಿದುದು ಸಹಜ. ಹೆಸರಿಲ್ಲದ, ಬರಿಯ ಸಂಖ್ಯೆಯುಳ್ಳ ಉತ್ತರಪತ್ರಿಕೆಯು ಜಾತಿ ಮತಗಳ ಗುರುತನ್ನು ಮರೆಮಾಡಿತೆಂಬುದೂ ನಮ್ಮ ಸಮಾಜದಲ್ಲಿ ಸಣ್ಣ ಲಾಭವಲ್ಲ. ಈ ಪದ್ಧತಿಯನ್ನು ನಿಂದಿಸುವವರು ಇದನ್ನು ಮರೆಯುತ್ತಾರೆ.

ಆದರೆ ಅಳತೆಗೋಲು ಮೊದಲ ದಿನವೇ ಬಾಗಿತು. ಕಲ್ಕತ್ತೆಯ ಮೊದಲ ಬಿ.ಎ. ಪರೀಕ್ಷೆ ನಡೆದುದು ೧೮೫೮ರಲ್ಲಿ. ತೇರ್ಗಡೆಯಾದವರೆಂದು ಪ್ರಕಟವಾದವರು ಇಬ್ಬರೇ: ಬಂಕಿಮಚಂದ್ರ ಚಟ್ಟೋಪಾಧ್ಯಾಯ ಮತ್ತು ಜದುನಾಥ ಬೋಸ್. ನಿಯಮಕ್ಕೆ ಅನುಸಾರವಾಗಿ ನೋಡಿದರೆ ಈ ಇಬ್ಬರೂ ತೇರ್ಗಡೆಯಾಗಿರಲಿಲ್ಲ. ಆರು ವಿಷಯಗಳಲ್ಲಿ ಐದರಲ್ಲಿ ಚೆನ್ನಾಗಿ ಗೆದ್ದು, ಆರನೆಯದರಲ್ಲಿ ಏಳಕ್ಕೆ ಮೀರದಷ್ಟು ಅಂಕಗಳ ಕೊರತೆಯಿಂದ ಅವರು ಸೋತಿದ್ದರು. ವಿಶೇಷ ಅನುಗ್ರಹವಾಗಿ ಅವರಿಗೆ ಪದವಿಯನ್ನು ಕೊಡಬಹುದೆಂದು ಪರೀಕ್ಷಕ ಮಂಡಲಿಯು ಶಿಫಾರಸು ಮಾಡಲು, ವಿಶ್ವವಿದ್ಯಾನಿಲಯವು ಒಪ್ಪಿತು. ಹೀಗೆ ಭಾರತದ ಆಧುನಿಕ ವಿಶ್ವವಿದ್ಯಾನಿಲಯಗಳ ಪ್ರಥಮ ಪದವೀಧರರೇ ಕೃಪಾಂಕದ ಪದವೀಧರರು. ಮುಂದೆ ವಂಗ ಕಾದಂಬರಿಗೆ ಒಂದು ಯುಗವನ್ನೇ ಕಟ್ಟಿದವನನ್ನು ಈ ಅಳತೆಗೋಲು ಏಳಂಕದೊಳಗಣ ಕೊರತೆಯವನೆಂದು ಕಂಡಿತು. ಪರೀಕ್ಷಕರಿಗೇ ತಮ್ಮ ಗೆರೆಯಲ್ಲಿ ನಂಬಿಕೆಯಿರಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ. ಇದ್ದಿದ್ದರೆ ಅನುಗ್ರಹದ ಪ್ರಶ್ನೆ ಏಳುತ್ತಿರಲಿಲ್ಲ.

ಈ ವ್ಯವಸ್ಥೆಯಿಂದ ತರಗತಿಯ ಮೇಲೆ ಆದ ಪರಿಣಾಮವು ಅಂಕಗಳ ಮೇಲೆ ಆದುದಕ್ಕಿಂತ ಗಾಢವಾದುದು. ಪ್ರಶ್ನೆಯನ್ನು ಎಲ್ಲಿಯೋ ಯಾರೋ ತೆಗೆಯುತ್ತಾರೆ. ಉತ್ತರವನ್ನು ಇನ್ನಾರೋ ತೂಗುತ್ತಾರೆ. ಹೀಗಿರುವಾಗ ಬೋಧಕನು ಹೇಳುವ ಮಾತಿನಲ್ಲಿ ವಿದ್ಯಾರ್ಥಿಗೆ ಉಪಯುಕ್ತವಾದುದು ಆ ಅಪರಿಚಿತರಿಬ್ಬರ ಮನಸ್ಸನ್ನು ಊಹಿಸುವ ಭಾಗ ಮಾತ್ರ. ಮೈಸೂರು ಸಂಸ್ಥಾನದ ಸೆಂಟ್ರಲ್ ಕಾಲೇಜು, ಮಹಾರಾಜ ಕಾಲೇಜುಗಳ ವಿದ್ಯಾರ್ಥಿಗಳೂ ಬಳ್ಳಾರಿ, ಮಂಗಳೂರುಗಳ ವಿದ್ಯಾರ್ಥಿಗಳೂ ಮದರಾಸಿಗೆ ಉತ್ತರ ಬರೆದರು. ಧಾರವಾಡ ಬೆಳಗಾವಿಗಳವರು ಮುಂಬಯಿಗೆ ಬರೆದರು. ಅಧ್ಯಾಪಕನು ತರಗತಿಯಲ್ಲಿ ವಿಜಯನಗರದ ಅವಶೇಷಗಳನ್ನು ಕುರಿತು ಎಷ್ಟೇ ಸೊಗಸಾಗಿ ಹೇಳಲಿ, ಮದರಾಸಿನ ಪ್ರಶ್ನಪತ್ರಿಕೆಯಲ್ಲಿ ಬಾರದಿದ್ದರೆ ಅದು ಕಾಲಕ್ಷೇಪ. ಟಿಪ್ಪಣಿ ಬರೆಯಿಸುವ ಪದ್ಧತಿ ಬೋಧಕನ ಸೋಮಾರಿತನದಿಂದ ಹುಟ್ಟಿತೆಂದು ಹೇಳುವುದು ವಾಡಿಕೆಯಾಗಿದೆ. ನಮ್ಮ ಅಭಿಪ್ರಾಯದಲ್ಲಿ ಅದು ಈ ವ್ಯವಸ್ಥೆಯ ತರ್ಕಬದ್ಧ ಫಲ. ತನ್ನ ತೀರ್ಪಿಗೆ ಬೆಲೆಯಿಲ್ಲದ ಕಡೆ ಬೋಧಕನು ತನ್ನ ವಿವೇಚನೆಯನ್ನು ಹಂಚಿಕೊಳ್ಳುವುದಿಲ್ಲ, ಸರಕನ್ನು ಸಾಗಿಸುತ್ತಾನೆ. ಬಜಾರಿನ ಗೈಡುಗಳು ಅದೇ ಸರಕನ್ನು ಅಗ್ಗವಾಗಿ ಸಾಗಿಸುವುದರಿಂದ, ವಿದ್ಯಾರ್ಥಿಯು ತರಗತಿಯನ್ನು ಬಿಟ್ಟು ಅಂಗಡಿಗೆ ಹೋದರೆ ಅವನನ್ನು ದೂರಿ ಪ್ರಯೋಜನವಿಲ್ಲ.

ಲಂಡನ್ ವಿಶ್ವವಿದ್ಯಾನಿಲಯದ ಕಥೆಯೂ ಇಲ್ಲಿ ಗಮನಾರ್ಹ. ೧೮೫೮ರಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಭ್ಯರ್ಥಿಯು ಅಂಗೀಕೃತ ಕಾಲೇಜಿನಲ್ಲಿ ಓದಿರಬೇಕೆಂಬ ನಿಬಂಧನೆಯನ್ನೇ ಬಹುಮಟ್ಟಿಗೆ ಕೈಬಿಟ್ಟಿತು. ಆಮೇಲೆ ನಾಲ್ಕು ದಶಕಗಳ ಅಸಮಾಧಾನದ ಫಲವಾಗಿ ೧೮೯೮ರ ಶಾಸನದಿಂದ ಬೋಧನೆಯನ್ನೂ ತನ್ನ ಕಾರ್ಯವಾಗಿ ಸ್ವೀಕರಿಸಿತು. ಮಾದರಿಯೇ ಬದಲಾದ ಮೇಲೆ ಪ್ರತಿಕೃತಿಯ ಗತಿಯೇನು? ಕರ್ಜನ್ ೧೯೦೧ರಲ್ಲಿ ಸಿಮ್ಲಾದಲ್ಲಿ ಸಮ್ಮೇಳನವನ್ನು ಸೇರಿಸಿದನು. ೧೯೦೨ರಲ್ಲಿ ರೇಲಿಯ ಅಧ್ಯಕ್ಷತೆಯ ಆಯೋಗ ಬಂದಿತು. ೧೯೦೪ರ ಅಧಿನಿಯಮವು ವಿಶ್ವವಿದ್ಯಾನಿಲಯಗಳು ಪ್ರಾಧ್ಯಾಪಕರನ್ನು ನೇಮಿಸಿ ಪಾಠ ಹೇಳಬಹುದೆಂದಿತು. ಆದರೆ ಇದೇ ಅಧಿನಿಯಮವು ವಿಶ್ವವಿದ್ಯಾನಿಲಯಗಳ ಮೇಲೆ ಸರ್ಕಾರದ ಹಿಡಿತವನ್ನೂ ಬಿಗಿ ಮಾಡಿದುದರಿಂದ, ದೇಶದ ವಿದ್ಯಾವಂತರು ಅದನ್ನು ಶಿಕ್ಷಣ ಸುಧಾರಣೆಯೆಂದು ನೋಡದೆ ರಾಜಕೀಯ ತಂತ್ರವೆಂದು ನೋಡಿದರು. ಬೋಧನೆಯನ್ನು ಪರೀಕ್ಷೆಯ ಮೇಲೆ ಇಡುವ ಸರಿಯಾದ ವಿಚಾರವು ತಪ್ಪು ಕೈಯಿಂದ ಬಂದು ಸಂಶಯಕ್ಕೆ ಗುರಿಯಾಯಿತು. ಇದು ಒಮ್ಮೆ ಮಾತ್ರ ನಡೆದುದಲ್ಲ. ೧೯೧೬ರ ಜುಲೈ ೨೭ರಂದು ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾದಾಗ ಪ್ರಶ್ನಪತ್ರಿಕೆ ಮದರಾಸಿನಿಂದ ಬರುವುದು ನಿಂತಿತು. ತಮ್ಮ ಅಳತೆಗೋಲು ತಮ್ಮ ಕೈಗೆ ಬಂದಿತೆಂಬ ಸಂತೋಷವನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿಗರು ಪಟ್ಟುದು ನ್ಯಾಯವೇ. ಪಾಠ ಹೇಳುವವರಿಗೂ ಪರೀಕ್ಷಿಸುವವರಿಗೂ ನಡುವಣ ಅಂತರವು ಅದರಿಂದ ಕಡಮೆಯಾಯಿತು, ಆದರೆ ಬೇರೆ ಬೇರೆ ಎಂಬ ತತ್ತ್ವ ಹಾಗೆಯೇ ಉಳಿಯಿತು.

ಇನ್ನು ಮೂಲಪ್ರಶ್ನೆಗೆ ಬರುವ. ಅಪರಿಚಿತ ಪರೀಕ್ಷಕನ ಅಂಕವು ನಿಜವಾಗಿ ನ್ಯಾಯವಾದುದೆ? ಇದನ್ನು ಲೆಕ್ಕದಿಂದ ಪರೀಕ್ಷಿಸಿದವರಲ್ಲಿ ಮೊದಲಿಗರ ಪೈಕಿ ಅರ್ಥಶಾಸ್ತ್ರಜ್ಞ ಎಫ್. ವೈ. ಎಜ್‌ವರ್ತ್ ಒಬ್ಬನು. ೧೮೮೮ರಲ್ಲಿಯೂ ೧೮೯೦ರಲ್ಲಿಯೂ ಅವನು ಪ್ರಕಟಿಸಿದ ಪ್ರಬಂಧಗಳು ಪರೀಕ್ಷೆಗಳಲ್ಲಿ ಆಕಸ್ಮಿಕದ ಪಾಲೆಷ್ಟೆಂಬುದನ್ನು ವಿಚಾರಿಸಿದುವು. ಒಂದು ಲ್ಯಾಟಿನ್ ಗದ್ಯಖಂಡವನ್ನು ಸಮರ್ಥರಾದ ೨೮ ಪರೀಕ್ಷಕರು ಬೆಲೆಕಟ್ಟಿದಾಗ ನೂರಕ್ಕೆ ೪೫ರಿಂದ ೧೦೦ರವರೆಗೆ ಅಂಕಗಳು ಬಂದುವು. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬವರು ೧೯೧೨–೧೩ರಲ್ಲಿ ಒಂದೇ ರೇಖಾಗಣಿತದ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಅಧ್ಯಾಪಕರಿಗೆ ಕಳುಹಿಸಲು, ಅಂಕಗಳು ಮೂವತ್ತರ ಕೆಳಗಿನಿಂದ ತೊಂಬತ್ತರ ಮೇಲಿನವರೆಗೂ ಹರಡಿದುವು. ಗಣಿತದಲ್ಲೇ ಹೀಗಾದರೆ ನಮ್ಮ ವಿಷಯದ ಮಾತೇನು ಎಂದು ಇತಿಹಾಸದ ಅಧ್ಯಾಪಕರು ಕೇಳಬೇಕಾದುದು.

ಆ ಪ್ರಶ್ನೆಗೂ ಉತ್ತರವುಂಟು. ಅದನ್ನು ಕೊಟ್ಟವನು ನಮ್ಮ ದೇಶವನ್ನು ಬಲ್ಲವನು. ಫಿಲಿಪ್ ಹಾರ್ಟಾಗ್ ಲಂಡನ್ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದವನು. ೧೯೧೭–೧೯ರ ಕಲ್ಕತ್ತಾ ವಿಶ್ವವಿದ್ಯಾನಿಲಯ ಆಯೋಗದ ಸದಸ್ಯ. ೧೯೨೧ರಲ್ಲಿ ಕಾರ್ಯಾರಂಭ ಮಾಡಿದ ಢಾಕಾ ವಿಶ್ವವಿದ್ಯಾನಿಲಯದ ಮೊದಲ ಕುಲಪತಿ. ಮಾದರಿಯನ್ನೂ ಅದರ ಪ್ರತಿಕೃತಿಯನ್ನೂ ಒಳಗಿನಿಂದ ಕಂಡ ಇಂಥವನು ೧೯೩೫ರಲ್ಲಿ ಇ. ಸಿ. ರೋಡ್ಸ್ ಎಂಬ ಸಂಖ್ಯಾಶಾಸ್ತ್ರಜ್ಞನೊಡನೆ ಪರೀಕ್ಷೆಗಳ ಪರೀಕ್ಷೆಯೊಂದನ್ನು ಪ್ರಕಟಿಸಿದನು. ಪರೀಕ್ಷಾ ಮಂಡಲಿಯೊಂದರಿಂದ ಒಂದೇ ಸಾಧಾರಣ ಅಂಕವನ್ನು ಪಡೆದಿದ್ದ ಶಾಲಾಂತ್ಯ ಪರೀಕ್ಷೆಯ ೧೫ ಇತಿಹಾಸ ಉತ್ತರಪತ್ರಿಕೆಗಳನ್ನು ೧೫ ಮಂದಿ ಅನುಭವಿ ಪರೀಕ್ಷಕರು ಬೇರೆ ಬೇರೆಯಾಗಿ ತಿದ್ದಿದರು. ಸಮಾನವೆಂದು ಎಣಿಸಿದ್ದ ಆ ಪತ್ರಿಕೆಗಳಿಗೆ ೯೬ಕ್ಕೆ ೨೧ರಿಂದ ೭೦ರವರೆಗೆ ನಲವತ್ತಕ್ಕೂ ಮಿಕ್ಕಿದ ಬಗೆಯ ಅಂಕಗಳು ಬಂದುವು. ಇದಕ್ಕಿಂತಲೂ ಕಳವಳಕಾರಿಯಾದುದು ಮುಂದಿನ ಭಾಗ. ಒಂದು ವರ್ಷಕ್ಕೂ ಮೇಲ್ಪಟ್ಟು ಕಾಲ ಕಳೆದ ಮೇಲೆ, ಹಿಂದಿನ ಅಂಕಗಳನ್ನು ತೋರಿಸದೆ, ಅವರಲ್ಲಿ ೧೪ ಮಂದಿಯಿಂದ ಅದೇ ಪತ್ರಿಕೆಗಳನ್ನು ಮತ್ತೆ ತಿದ್ದಿಸಲಾಯಿತು. ಅನುತ್ತೀರ್ಣ, ಉತ್ತೀರ್ಣ, ವಿಶೇಷಾರ್ಹತೆ ಎಂಬ ಮೂರು ಬಗೆಯ ತೀರ್ಪುಗಳು ಒಟ್ಟು ೨೧೦. ಅವುಗಳಲ್ಲಿ ೯೨ ಬದಲಾದುವು. ಎಂದರೆ ಹತ್ತಿರ ಹತ್ತಿರ ಅರ್ಧದಷ್ಟು ಸಂದರ್ಭಗಳಲ್ಲಿ ಪರೀಕ್ಷಕನು ಬೇರೊಬ್ಬನೊಡನೆ ಅಲ್ಲ, ತನ್ನೊಡನೆಯೇ ಭಿನ್ನಾಭಿಪ್ರಾಯಪಟ್ಟನು.

ಈ ಸಂಗತಿಯನ್ನು ಸಮಾಧಾನದಿಂದ ಆಲೋಚಿಸಬೇಕು. ೧೮೫೭ರ ವ್ಯವಸ್ಥೆಯ ಆಧಾರ, ಬೋಧಕನಿಗೆ ಪಕ್ಷಪಾತವುಂಟು, ಅಪರಿಚಿತನಿಗೆ ಇಲ್ಲ ಎಂಬ ಭಾವನೆ. ಅಪರಿಚಿತನಿಗೆ ಪಕ್ಷಪಾತವಿಲ್ಲದಿರಬಹುದು, ಅವನಿಗೆ ಸ್ಥಿರತೆಯೂ ಇಲ್ಲವೆಂದು ಹಾರ್ಟಾಗನ ಲೆಕ್ಕ ತೋರಿಸಿತು. ನ್ಯಾಯಕ್ಕೆ ಇವೆರಡೂ ಬೇಕು. ನಮ್ಮಲ್ಲಿ ನೂರು ವರ್ಷಗಳಿಂದ ನಡೆದಿರುವ ಚರ್ಚೆಯೆಲ್ಲ ಅಳೆಯುವವನು ಯಾರಾಗಬೇಕೆಂಬುದನ್ನೇ ಕುರಿತದ್ದು. ಅಳೆಯಬೇಕಾದುದು ಏನು ಎಂಬುದನ್ನು ಮೊದಲೇ ನಿಶ್ಚಯಿಸದಿದ್ದರೆ ಅಳೆಯುವವನನ್ನು ಬದಲಿಸಿದುದರಿಂದ ಏನೂ ಆಗುವುದಿಲ್ಲವೆಂಬ ಮಾತು ಹಿನ್ನೆಲೆಯಲ್ಲಿಯೇ ಉಳಿದಿದೆ. ಇದೇ ಈ ಲೇಖನದ ಮುಖ್ಯ ವಾದ.

ಸ್ವಾತಂತ್ರ್ಯಾನಂತರದ ಆಯೋಗಗಳನ್ನು ಈ ದೃಷ್ಟಿಯಿಂದ ಓದಬಹುದು. ಡಾ|| ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ೧೯೪೮–೪೯ರ ಆಯೋಗವು, ತಾನು ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾದರೆ ಪರೀಕ್ಷೆಗಳ ಸುಧಾರಣೆಯನ್ನೇ ಸೂಚಿಸುವುದಾಗಿ ಸ್ಪಷ್ಟಪಡಿಸಿತು. ಪ್ರತಿ ವಿಷಯದ ಅಂಕಗಳಲ್ಲಿ ಮೂರರಲ್ಲೊಂದು ಪಾಲನ್ನು ವರ್ಷದುದ್ದಕ್ಕೂ ತರಗತಿಯಲ್ಲಿ ಮಾಡಿದ ಕೆಲಸಕ್ಕೆ ಮೀಸಲಿಡಬೇಕೆಂದಿತು. ಕನಿಷ್ಠ ಐದು ವರ್ಷ ಆ ವಿಷಯವನ್ನು ಬೋಧಿಸದವನನ್ನು ಪರೀಕ್ಷಕನನ್ನಾಗಿ ನೇಮಿಸಬಾರದೆಂದಿತು. ಬಂಕಿಮಚಂದ್ರನಿಗೆ ಪದವಿಯನ್ನು ತಂದುಕೊಟ್ಟ ಕೃಪಾಂಕವನ್ನು ಮೊದಲ ಪದವಿಯ ಮಟ್ಟದಲ್ಲಾದರೂ ತೊಡೆದುಹಾಕಬೇಕೆಂದಿತು. ೧೯೫೨–೫೩ರಲ್ಲಿ ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಆಯೋಗವು ಪ್ರೌಢಶಾಲೆಗಳ ಮಟ್ಟಿಗೆ ವಸ್ತುನಿಷ್ಠ ಪರೀಕ್ಷೆಗಳನ್ನೂ ವಿದ್ಯಾರ್ಥಿಯ ಸಂಚಿತ ದಾಖಲೆಯನ್ನೂ ಬಯಸಿತು. ೧೯೬೪–೬೬ರ ಕೊಠಾರಿ ಆಯೋಗ, ೧೯೭೩ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಯೋಜನೆ, ಎಲ್ಲವೂ ಆಂತರಿಕ ಮೌಲ್ಯಮಾಪನವನ್ನು ಎತ್ತಿ ಹಿಡಿದುವು. ಶಿಫಾರಸುಗಳಿಗೆ ಬಡತನವಿರಲಿಲ್ಲ.

ಆಚರಣೆಗೆ ಬಂದಾಗ ಏನಾಯಿತೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಆಂತರಿಕ ಅಂಕವು ಅನೇಕ ಕಡೆ ಎಲ್ಲರಿಗೂ ಪೂರ್ತಿಯಾಗಿ ಕೊಡುವ ಪ್ರಸಾದವಾಯಿತು. ಕೊಡದಿದ್ದ ಕಡೆ ಬೆದರಿಕೆಯಾಯಿತು. ಇದನ್ನು ಮುಂದೆ ಹಿಡಿದು ಬೋಧಕನನ್ನು ನಂಬಲಾಗದೆಂದು ಹೇಳುವವರುಂಟು. ಆದರೆ ಬೋಧಕನಿಗೆ ಅಂಕವನ್ನು ಕೊಡುವ ಅಧಿಕಾರ ಬಂದಿತೇ ಹೊರತು ಪ್ರಶ್ನೆಯನ್ನು ಮರುರೂಪಿಸುವ ಅಧಿಕಾರ ಬರಲಿಲ್ಲ. ಪಠ್ಯಕ್ರಮ ಅದೇ, ಕೊನೆಯ ಪರೀಕ್ಷೆಯ ಪ್ರಶ್ನೆಗಳ ಅಚ್ಚು ಅದೇ. ನಡುವೆ ಎರಡು ಸಣ್ಣ ಪರೀಕ್ಷೆಗಳು ಸೇರಿದುವು. ೧೮೫೭ರ ಪದ್ಧತಿಯನ್ನೇ ವರ್ಷಕ್ಕೆ ಮೂರು ಬಾರಿ ನಡೆಸಿ ಅದಕ್ಕೆ ಸುಧಾರಣೆಯೆಂದು ಹೆಸರಿಟ್ಟಂತಾಯಿತು. ಇದರ ಮೇಲೆ ನೀತಿಯ ಚಂಚಲತೆ ಬೇರೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕವು ೨೦೨೧ರಲ್ಲಿ ಇತರ ರಾಜ್ಯಗಳಿಗಿಂತ ಮೊದಲೇ ಜಾರಿಗೆ ತಂದು ನಾಲ್ಕು ವರ್ಷದ ಪದವಿಗೆ ಎಡೆಮಾಡಿತು. ೨೦೨೪ರಲ್ಲಿ ಮೂರು ವರ್ಷದ ಪದವಿಗೆ ಹಿಂದಿರುಗಿತು. ಎರಡು ತೀರ್ಮಾನಗಳಿಗೂ ಅವುಗಳವೇ ಆದ ಸಮರ್ಥನೆಗಳಿದ್ದುವು; ಅವುಗಳ ಗುಣದೋಷ ವಿಮರ್ಶೆ ಇಲ್ಲಿಯ ಕೆಲಸವಲ್ಲ. ಒಂದು ಯೋಜನೆಯ ಪ್ರಶ್ನಪತ್ರಿಕೆಯ ಸ್ವರೂಪ ಬೋಧಕನಿಗೆ ಹದವಾಗಿ ತಿಳಿಯುವಷ್ಟರಲ್ಲಿ ಇನ್ನೊಂದು ಬಂದರೆ, ಅವನು ಮತ್ತೆ ಟಿಪ್ಪಣಿಯ ಆಶ್ರಯಕ್ಕೇ ಹೋಗುತ್ತಾನೆಂಬುದು ಮಾತ್ರ ನಿಶ್ಚಿತ. ಕರ್ಜನ್ನನ ಕಾಲದಲ್ಲಾದಂತೆ ಈಗಲೂ ಚರ್ಚೆಯು ನೀತಿಯನ್ನು ತಂದವರು ಯಾರೆಂಬುದರ ಸುತ್ತಲೇ ಹೆಚ್ಚಾಗಿ ನಡೆಯುತ್ತದೆ.

ನಮ್ಮ ವಿಷಯದಲ್ಲಿ ಇನ್ನೊಂದು ತೊಡಕು ವಿಶೇಷವಾಗಿ ಉಂಟು. ಕರ್ನಾಟಕದ ಕಾಲೇಜುಗಳಲ್ಲಿ ಇತಿಹಾಸದ ಪ್ರಶ್ನಪತ್ರಿಕೆಗೆ ಕನ್ನಡದಲ್ಲಿ ಉತ್ತರಿಸುವವರೂ ಇಂಗ್ಲಿಷಿನಲ್ಲಿ ಉತ್ತರಿಸುವವರೂ ಇದ್ದಾರೆ. ಇಂಗ್ಲಿಷಿನ ಉತ್ತರದಲ್ಲಿ ವಾಕ್ಯ ಸರಾಗವಾಗಿದ್ದರೆ ಅದನ್ನು ವಿಷಯಜ್ಞಾನವೆಂದು ಎಣಿಸುವ ಆಪತ್ತುಂಟು. ಕನ್ನಡದ ಉತ್ತರದಲ್ಲಿ ಗೈಡಿನ ಪರಿಚಿತ ವಾಕ್ಯವೇ ಬಂದರೆ ಅದನ್ನು ಶುದ್ಧವಾದ ಉತ್ತರವೆಂದು ಎಣಿಸುವ ಆಪತ್ತೂ ಉಂಟು. ತನ್ನ ಊರಿನ ಮಾತಿನಲ್ಲಿ, ತಡವರಿಸುತ್ತ, ಸ್ವಂತವಾಗಿ ಯೋಚಿಸಿ ಬರೆದ ವಿದ್ಯಾರ್ಥಿ ಇವೆರಡರ ನಡುವೆ ಸಿಕ್ಕಿ ನಷ್ಟಪಡುತ್ತಾನೆ. ಅಪರಿಚಿತ ಪರೀಕ್ಷಕನು ಇವನನ್ನು ಗುರುತಿಸಲಾರ. ತರಗತಿಯಲ್ಲಿ ಇವನ ಪ್ರಶ್ನೆಗಳನ್ನು ಕೇಳಿದ ಬೋಧಕನಿಗೆ ಮಾತ್ರ ಅದು ಸಾಧ್ಯ.

ಹಾಗಾದರೆ ತರಗತಿಯಲ್ಲಿ ಮಾಡಬಹುದಾದುದೇನು? ಪದ್ಧತಿ ಬದಲಾಗುವ ತನಕ ಕಾಯದೆಯೇ ಮಾಡಬಹುದಾದ ಕೆಲಸಗಳುಂಟು. ೧೮೫೭ರ ದಂಗೆಗೆ ಕಾರಣಗಳೇನು ಎಂದು ಕೇಳಿದರೆ ಗೈಡಿನ ಉತ್ತರವೇ ಬರುತ್ತದೆ. ಅದಕ್ಕೆ ವಿದ್ಯಾರ್ಥಿಯು ಹೊಣೆಯಲ್ಲ, ಪ್ರಶ್ನೆ ಹೊಣೆ. ಅದರ ಬದಲು ಕ್ಯಾಂಪ್‌ಬೆಲ್ಲನ ವರದಿಯ ಅರ್ಧಪುಟವನ್ನು ಕನ್ನಡಿಸಿ ಕೈಗಿತ್ತು, ಈ ಕಲೆಕ್ಟರನು ಮೆಚ್ಚಿದುದೇನು, ಆಕ್ಷೇಪಿಸಿದುದೇನು, ಅವನು ಕಾಣದೆ ಹೋದುದೇನು ಎಂದು ಕೇಳಿದರೆ, ಬಾಯಿಪಾಠಕ್ಕೆ ಅಲ್ಲಿ ಎಡೆಯಿಲ್ಲ. ನಮ್ಮ ಅನುಭವದಲ್ಲಿ ಸರಸ್ವತಿಯ ಹೆಸರನ್ನು ಅಂಗೈಯ ಮೇಲೆ ಬರೆಯುವ ವಿವರವು ಯಾವ ತರಗತಿಯನ್ನೂ ಎಚ್ಚರಿಸದೆ ಬಿಟ್ಟಿಲ್ಲ. ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವ ವಿದ್ಯಾರ್ಥಿಗಳು ಅದರಲ್ಲಿಯ ಅನ್ಯಾಯವನ್ನು ಉಳಿದವರಿಗಿಂತ ಬೇಗ ಹಿಡಿಯುತ್ತಾರೆ. ಇನ್ನು ಅಂಕದ ವಿಚಾರ. ಉತ್ತರಪತ್ರಿಕೆಯನ್ನು ತಿದ್ದುವ ಮೊದಲು ಒಳ್ಳೆಯ ಉತ್ತರದಲ್ಲಿ ಏನಿರಬೇಕೆಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆದಿಡುವುದು, ಅದನ್ನು ವಿದ್ಯಾರ್ಥಿಗಳಿಗೂ ಓದಿ ಹೇಳುವುದು, ಹೆಸರನ್ನು ಮಡಿಸಿ ಮರೆಮಾಡಿ ತಿದ್ದುವುದು, ಒಬ್ಬ ವಿದ್ಯಾರ್ಥಿಯ ಎಲ್ಲ ಉತ್ತರಗಳನ್ನು ಒಟ್ಟಿಗೆ ನೋಡದೆ ಎಲ್ಲ ವಿದ್ಯಾರ್ಥಿಗಳ ಒಂದೊಂದೇ ಉತ್ತರವನ್ನು ಸಾಲಾಗಿ ನೋಡುವುದು, ಇವಕ್ಕೆ ಯಾವ ಆಯೋಗದ ಅಪ್ಪಣೆಯೂ ಬೇಡ. ಅಪರಿಚಿತತೆಯ ಲಾಭವನ್ನು ಬಿಡದೆ ಬೋಧಕನ ತಿಳಿವಳಿಕೆಯನ್ನೂ ಉಳಿಸಿಕೊಳ್ಳುವ ಮಾರ್ಗವಿದು. ತಿದ್ದಿದ ಪತ್ರಿಕೆಯನ್ನು ಕಾರಣಸಹಿತವಾಗಿ ಹಿಂದಿರುಗಿಸುವುದು ಶ್ರಮದ ಕೆಲಸ. ನೂರು ಮಂದಿಯ ತರಗತಿಯಲ್ಲಿ, ವಾರಕ್ಕೆ ಹತ್ತು ಹದಿನಾರು ಗಂಟೆಗಳ ಪಾಠದ ನಡುವೆ, ಎಲ್ಲರಿಗೂ ಹೀಗೆ ಮಾಡುವುದು ಅಸಾಧ್ಯವೆಂಬುದನ್ನು ನಾವು ಬಲ್ಲೆವು. ಅತಿಥಿ ಉಪನ್ಯಾಸಕರಾಗಿ ಎರಡು ಮೂರು ಕಾಲೇಜುಗಳ ನಡುವೆ ಓಡಾಡುವವರಿಂದ ಇದನ್ನು ಅಪೇಕ್ಷಿಸುವುದೂ ಕ್ರೂರವಾದೀತು. ಬೋಧಕನನ್ನು ನಂಬುವ ನೀತಿಯು ಮೊದಲು ಅವನಿಗೆ ಕಾಲವನ್ನು ಕೊಡಬೇಕಾಗುತ್ತದೆ. ಆದರೂ ಅವಧಿಗೆ ಒಂದು ಬರೆಹವನ್ನಾದರೂ ಹೀಗೆ ಹಿಂದಿರುಗಿಸಬಹುದು.

ಹಾರ್ಟಾಗನ ಪ್ರಯೋಗವನ್ನು ಸಣ್ಣ ಪ್ರಮಾಣದಲ್ಲಿ ನಮ್ಮಲ್ಲಿಯೇ ನಡೆಸುವುದು ಕಷ್ಟವಲ್ಲ. ಹತ್ತು ಉತ್ತರಗಳು, ಕನ್ನಡದ್ದು ಐದು, ಇಂಗ್ಲಿಷಿನದು ಐದು, ಹೆಸರಿಲ್ಲದ ಪ್ರತಿಗಳು, ವಿಭಾಗದ ನಾಲ್ವರು ಅಧ್ಯಾಪಕರು. ಮೊದಲು ಯಾವ ಒಪ್ಪಂದವೂ ಇಲ್ಲದೆ ತಿದ್ದುವುದು. ಆರು ತಿಂಗಳ ಮೇಲೆ, ಉತ್ತರದಲ್ಲಿ ಏನಿರಬೇಕೆಂದು ಕಲೆತು ನಿಶ್ಚಯಿಸಿ ಮತ್ತೆ ತಿದ್ದುವುದು. ಎರಡು ಬಾರಿಯ ಅಂಕಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಅಂತರದಲ್ಲಿ ಎಷ್ಟು ಭಾಗ ಪರೀಕ್ಷಕನದು, ಎಷ್ಟು ಭಾಗ ಪ್ರಶ್ನೆಯದು ಎಂಬುದು ಸ್ವಲ್ಪಮಟ್ಟಿಗಾದರೂ ತಿಳಿದೀತು. ಇತರ ಕಾಲೇಜುಗಳ ಮಿತ್ರರೂ ಇದೇ ರೀತಿ ಮಾಡಿ ಫಲಿತಾಂಶಗಳನ್ನು ಕಳುಹಿಸಿದಲ್ಲಿ, ಅವನ್ನು ಒಟ್ಟುಗೂಡಿಸಿ ಮುಂದಿನ ಸಂಚಿಕೆಯೊಂದರಲ್ಲಿ ಕೋಷ್ಟಕ ರೂಪದಲ್ಲಿ ಕೊಡಲು ಅವಕಾಶವಾಗುತ್ತದೆ.